ಒಂದು ಸೆಮಿಸ್ಟರ್‌ಗೆ ಲೈಪ್‌ಜಿಗ್: ಆರು ಲಕ್ಷ ದಂಡವಾಗುತ್ತದಾ?

ಪ್ರಶ್ನೆ: ಅಕ್ಕಾ, ನಾನು ಡೊಂಬಿವಲಿಯವಳು. ಮನೆಯಲ್ಲಿ ಕುಂದಾಪುರದ ಕನ್ನಡ. ಮುಂಬಯಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ, ಈ ವರ್ಷ ಟಿವೈ, ಅಂದರೆ ಪದವಿಯ ಮೂರನೇ ವರ್ಷ. 2026ರ ಅಕ್ಟೋಬರ್‌ನಿಂದ ಒಂದು ಸೆಮಿಸ್ಟರ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಎಕ್ಸ್‌ಚೇಂಜ್ ಸಿಕ್ಕಿದೆ. ಬ್ಲಾಕ್ಡ್ ಅಕೌಂಟಿಗೇ ಆರು ಲಕ್ಷ ಬೇಕು. ಐದು ತಿಂಗಳಿಗೆ ಅಷ್ಟು ಸುರಿಯಬೇಕಾ ಅಂತ ಅಪ್ಪ ಕೇಳುತ್ತಿದ್ದಾರೆ. ಹೋಗಿ ಬಂದ ಸೀನಿಯರ್ ಒಬ್ಬಳು, 'ಐದು ತಿಂಗಳೂ ನಮ್ಮವರ ಜೊತೆಗೇ ಅನ್ನ ಸಾರು ಮಾಡಿಕೊಂಡು ಕೂತಿದ್ದೆ' ಅಂದಳು. ನಾನು ಮೊದಲೇ ಮಾತು ಕಡಿಮೆ. ನಮ್ಮ ಅಜ್ಜ ಹದಿನಾಲ್ಕನೇ ವಯಸ್ಸಿಗೆ ಹೋಟೆಲ್ ಕೆಲಸಕ್ಕೆ ಅಂತ ಮುಂಬಯಿಗೆ ಬಂದು ರಾತ್ರಿ ಶಾಲೆಯಲ್ಲಿ ಓದಿದವರು. ಅವರು ಮಾತ್ರ 'ಹೋಗು' ಅನ್ನುತ್ತಿದ್ದಾರೆ. ಏನು ಮಾಡಲಿ? ಇನ್ನೊಂದು, ಅಮ್ಮಮ್ಮ ಒಣಮೀನು ಕಟ್ಟಿಕೊಡುತ್ತೇನೆ ಅಂತ ಹಟ ಹಿಡಿದಿದ್ದಾರೆ. ಒಯ್ಯಬಹುದಾ?

ಉತ್ತರ: ತಂಗಿ, ಹೋಗು. ಒಂದು ಷರತ್ತು ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಅಪ್ಪನ ಆರು ಲಕ್ಷ.

ಬ್ಲಾಕ್ಡ್ ಅಕೌಂಟ್ ಅಂದರೆ ಫೀಸಲ್ಲ. ನಿನ್ನ ಹೆಸರಿನಲ್ಲೇ ಇರುವ ದುಡ್ಡು. ಅಲ್ಲಿ ಹೊಟ್ಟೆಗಿಲ್ಲದೆ ಬೀಳುವುದಿಲ್ಲ ಅಂತ ಜರ್ಮನಿಯವರಿಗೆ ತೋರಿಸಲು ಇಡುವುದು. ಒಟ್ಟಿಗೆ ತೆಗೆಯಲು ಬರುವುದಿಲ್ಲ, ತಿಂಗಳಿಗೆ ಇಷ್ಟು ಅಂತ ಬಿಡುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಆ ಲೆಕ್ಕ ತಿಂಗಳಿಗೆ 992 ಯೂರೋ. ಸೆಮಿಸ್ಟರ್ ಕಾಗದದ ಮೇಲೆ ಆರು ತಿಂಗಳು, ಅದಕ್ಕೆ 5,952. ಯೂರೋಗೆ ನೂರು ರೂಪಾಯಿ ಹಿಡಿದರೂ ಅಪ್ಪ ಹೇಳಿದ ಆರು ಲಕ್ಷಕ್ಕೆ ಬಂತು. ಖಾತೆ ತೆರೆಯುವ ದಿನ ಕಾನ್ಸುಲೇಟಿನ ಪುಟದಲ್ಲಿ ಮೊತ್ತ ಮತ್ತೊಮ್ಮೆ ನೋಡಿಕೊ, ಅದು ಆಗಾಗ ಏರುತ್ತದೆ. ಉಳಿದದ್ದು ವಾಪಸ್ ನಿನ್ನದೇ. ಎಕ್ಸ್‌ಚೇಂಜ್ ಆದ್ದರಿಂದ ಕಾಲೇಜಿನ ಫೀಸು ಮುಂಬಯಿಯಲ್ಲೇ ಕಟ್ಟುತ್ತೀಯ. ಅಲ್ಲಿ ಸಾಮಾನ್ಯವಾಗಿ ಸೆಮಿಸ್ಟರ್ ಶುಲ್ಕ ಮಾತ್ರ, ಊರಿಗೆ ತಕ್ಕಂತೆ 100ರಿಂದ 350 ಯೂರೋ. ಕೆಲವು ಕಡೆ ಟ್ರಾಮ್ ಪಾಸ್ ಅದರೊಳಗೇ ಬಂದಿರುತ್ತದೆ. ಅದನ್ನು ಕೇಳದೆ ಹೋಗಿ ತಿಂಗಳಿಗೆ 63 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಇಡೀ ದೇಶದ ಬಸ್ಸು ಟ್ರಾಮಿಗೆ ನಡೆಯುವ ಪಾಸು, ತೆಗೆದುಕೊಂಡವರನ್ನು ನೋಡಿದ್ದೇನೆ.

ಹಾಸ್ಟೆಲ್ ರೂಮು ಸಿಕ್ಕಿದರೆ ಸುಮಾರು 300 ಯೂರೋ. ಆರೋಗ್ಯ ವಿಮೆ ಸುಮಾರು 150. ಊಟ, ಫೋನು, ಸೋಪು ಎಲ್ಲ ಸೇರಿ ಇನ್ನೊಂದು 250. ಅಂದರೆ ನಿನ್ನ ಕೈಯಲ್ಲಿ ತಿರುಗಾಟಕ್ಕೂ ಸ್ವಲ್ಪ ಉಳಿಯುತ್ತದೆ. ಅಲ್ಲಿ ಕೆಲಸ ಮಾಡಿ ದುಡಿಯುತ್ತೇನೆ ಅನ್ನುವ ಲೆಕ್ಕ ಮಾತ್ರ ಹಾಕಬೇಡ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಲು ಕಾನೂನು ಬಿಡುತ್ತದೆ, ನಿಜ. ಆದರೆ ಎರಡು ವರ್ಷ ಓದಲು ಹೋದವರಿಗೆ ಅದು ಸರಿ. ನಿನಗೆ ಕೆಲಸ ಹುಡುಕುವಷ್ಟರಲ್ಲೇ ಡಿಸೆಂಬರ್ ಬಂದಿರುತ್ತದೆ.

ಪುಣೆಯ ಒಂದು ಕಾಲೇಜಿನಲ್ಲಿ ಮಕ್ಕಳನ್ನು ಎಕ್ಸ್‌ಚೇಂಜಿಗೆ ಕಳಿಸುವ ಕೆಲಸ ನನ್ನದು, ಹನ್ನೆರಡು ವರ್ಷದಿಂದ. ನಾನು ಕಂಡಂತೆ ದುಡ್ಡು ದಂಡವಾಗುವುದು ಕಡಿಮೆ. ದಂಡವಾಗುವುದು ವಾರಗಳು. ಐದು ತಿಂಗಳು ಅಂತ ನಾವು ಸುಮ್ನೆ ಹೇಳುತ್ತೇವೆ. ಲೆಕ್ಕ ಹಾಕು. ಪಾಠ ಶುರುವಾಗುವುದು ಅಕ್ಟೋಬರ್ ಎರಡನೇ ವಾರದ ಸುಮಾರಿಗೆ, ಮುಗಿಯುವುದು ಫೆಬ್ರವರಿ ಮೊದಲ ಭಾಗದಲ್ಲಿ. ನಡುವೆ ಕ್ರಿಸ್‌ಮಸ್ಸಿಗೆ ಎರಡು ವಾರ ರಜೆ, ಊರೇ ಖಾಲಿ. ಮೊದಲ ತಿಂಗಳು ಕಾಗದಪತ್ರಕ್ಕೆ ಹೋಯಿತು, ಕೊನೆಯ ತಿಂಗಳು ಪರೀಕ್ಷೆಗೂ ಮೂಟೆ ಕಟ್ಟುವುದಕ್ಕೂ ಹೋಯಿತು ಅಂದರೆ ಉಳಿಯುವುದು ಸುಮಾರು ಹತ್ತು ವಾರ. ನಿನ್ನ ಸೀನಿಯರ್ ಕಳೆದುಕೊಂಡಿದ್ದು ಆ ಹತ್ತು ವಾರವನ್ನು.

ಈಗ ಷರತ್ತು. ನಿನ್ನ ಕಾಲೇಜು ಬರೆದು ಕೊಡಬೇಕು. ಬಾಯಿಮಾತು ಸಾಲದು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ನಿನ್ನ ಐದನೇ ಸೆಮಿಸ್ಟರ್ ಮಳೆಗಾಲದಲ್ಲಿ ಶುರುವಾಗಿ ದೀಪಾವಳಿ ಆಸುಪಾಸಿನಲ್ಲಿ ಮುಗಿಯುತ್ತದೆ, ಆರನೆಯದು ನೀನು ಅಲ್ಲಿರುವಾಗಲೇ ಶುರುವಾಗುತ್ತದೆ. ಅಂದರೆ ಎರಡು ದೋಣಿಯಲ್ಲಿ ಒಂದೊಂದು ಕಾಲು. ಐದನೇ ಸೆಮಿಸ್ಟರ್‌ನ ಯಾವ ಪೇಪರಿಗೆ ಬದಲಾಗಿ ಅಲ್ಲಿನ ಯಾವ ಕೋರ್ಸ್, ಅಲ್ಲಿನ ಎಷ್ಟು ಕ್ರೆಡಿಟ್ಟಿಗೆ ಇಲ್ಲಿನ ಎಷ್ಟು, ಆರನೆಯದರ ಮೊದಲ ವಾರಗಳ ಹಾಜರಿ ಏನಾಗುತ್ತದೆ, ಇಂಟರ್ನಲ್ ಯಾವಾಗ ಬರೆಯುವುದು: ಇಷ್ಟಕ್ಕೂ ಪ್ರಿನ್ಸಿಪಾಲರ ಸಹಿ ಇರುವ ಪತ್ರ ಬೇಕು. ಅಲ್ಲಿ ಪೂರ್ತಿ ಒಂದು ಸೆಮಿಸ್ಟರ್ ಅಂದರೆ 30 ಇಸಿಟಿಎಸ್ ಕ್ರೆಡಿಟ್, ಯೂರೋಪಿನ ಯೂನಿವರ್ಸಿಟಿಗಳ ಕ್ರೆಡಿಟ್ ಲೆಕ್ಕ ಅದು. ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಓದು ಅಂತ ಲೆಕ್ಕ. ಎಲ್ಲ ಮೂವತ್ತನ್ನೂ ಹೊರಬೇಡ, ನಿನ್ನ ಕಾಲೇಜು ಕೇಳಿದಷ್ಟು ಮಾತ್ರ ತೆಗೆದುಕೊ. ಇನ್ನೊಂದು ವಿಷಯ, ಅಲ್ಲಿ 1.0 ಅಂದರೆ ಅತ್ಯುತ್ತಮ, 4.0 ಅಂದರೆ ದಡ ಸೇರಿದೆ, 5.0 ಅಂದರೆ ಫೇಲು. ಇದನ್ನು ಇಲ್ಲಿನ ಪರೀಕ್ಷಾ ವಿಭಾಗದ ಗುಮಾಸ್ತರಿಗೆ ಮೊದಲೇ ಹೇಳಿಡು. ನನ್ನ ಹುಡುಗನೊಬ್ಬ 1.3 ತಂದಿದ್ದ. ಹತ್ತಕ್ಕೆ ಒಂದೂಕಾಲಾ ಅಂತ ಅವನನ್ನು ಕನಿಕರದಿಂದ ನೋಡಿದರು.

ಪತ್ರ ಸಿಗದಿದ್ದರೆ ಹೋಗಬೇಡ. ವರ್ಷ ಕಳೆದುಕೊಂಡು ಬರುವಂಥದ್ದು ಅಲ್ಲಿ ಏನೂ ಇಲ್ಲ.

ಕಾಗದಪತ್ರದ ಕತೆ ಬೇಗ ಮುಗಿಸುತ್ತೇನೆ. ಆದರೆ ಹೆಸರಿನ ವಿಷಯ ಮಾತ್ರ ನಿಧಾನವಾಗಿ ಓದು. ನಮ್ಮ ಮಹಾರಾಷ್ಟ್ರದ ಮಾರ್ಕ್‌ಶೀಟಿನಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನಿನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಕೆಲವೊಮ್ಮೆ ಅಮ್ಮನದೂ. ಪಾಸ್‌ಪೋರ್ಟಿನಲ್ಲಿ ಬೇರೆ ಸಾಲು. ಜರ್ಮನ್ ಆಫೀಸಿನವರಿಗೆ ಇವು ಇಬ್ಬರು ಮೂವರು ಹುಡುಗಿಯರ ಹಾಗೆ ಕಾಣುತ್ತವೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಟಿಕೆಟ್ಟು, ವಿಮೆ, ಬ್ಯಾಂಕು, ಹಾಸ್ಟೆಲ್ ಎಲ್ಲ ಕಡೆ ಬರೆ. ಒಂದಕ್ಷರವೂ ಆಚೀಚೆ ಬೇಡ. ಹೋದ ದಿನವೇ ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅಂಚೆಪೆಟ್ಟಿಗೆಗೂ ಬಾಗಿಲ ಬೆಲ್ಲಿಗೂ ಅಂಟಿಸು. ಇದು ಚಿಕ್ಕ ವಿಷಯ ಅನ್ನಿಸುತ್ತದೆ, ಅಲ್ವಾ? ಅಲ್ಲಿ ಬ್ಯಾಂಕಿನ ಪಿನ್ ಬರುವುದು ಅಂಚೆಯಲ್ಲಿ, ವಿಮೆಯ ಕಾರ್ಡು ಬರುವುದು ಅಂಚೆಯಲ್ಲಿ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವರು ವಾಪಸ್ ಒಯ್ಯುತ್ತಾರೆ. ನಾನು ಅಲ್ಲಿಗೆ ಹೋಗಿದ್ದಾಗ ಹೀಗೆಯೇ ಮೂರು ವಾರ ದುಡ್ಡಿಲ್ಲದೆ ಕೂತಿದ್ದೆ. ನಮ್ಮ ಕಡೆ ಹಾಗಲ್ಲ, ಪೋಸ್ಟ್‌ಮ್ಯಾನ್ ಪಕ್ಕದ ಮನೆಯಲ್ಲಿ ಕೇಳಿಯಾದರೂ ಕೊಡುತ್ತಾನೆ.

ಮನೆ ಸೇರಿದ ಎರಡು ವಾರದೊಳಗೆ ಪಾಲಿಕೆಯ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು. ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರ ಸಹಿಯ ಕಾಗದ ಬೇಕು. ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಆದ್ದರಿಂದ ಡೊಂಬಿವಲಿಯಲ್ಲಿ ಕೂತೇ ಆನ್‌ಲೈನ್‌ನಲ್ಲಿ ಬುಕ್ ಮಾಡು. ವಾಪಸ್ ಬರುವಾಗ ಹೆಸರು ತೆಗೆಸುವುದೂ ಇದೆ, ಮರೆಯಬೇಡ. ನೋಂದಣಿ ಆದ ಕೆಲವೇ ವಾರಕ್ಕೆ ರೇಡಿಯೋ ಟೀವಿ ಶುಲ್ಕ ಕಟ್ಟು ಅಂತ ಒಂದು ಪತ್ರ ಬರುತ್ತದೆ, ತಿಂಗಳಿಗೆ 18 ಯೂರೋ ಚಿಲ್ಲರೆ. ನನ್ನ ಹತ್ತಿರ ಟೀವಿಯೇ ಇಲ್ಲ ಅಂದರೆ ಕೇಳುವುದಿಲ್ಲ. ಅದು ಮನೆಗೆ ಒಂದು ಅನ್ನುವ ಲೆಕ್ಕ. ನಾಲ್ಕು ಜನ ಒಂದೇ ಫ್ಲಾಟಿನಲ್ಲಿದ್ದು ಒಬ್ಬರು ಕಟ್ಟುತ್ತಿದ್ದರೆ ಆ ನಂಬರ್ ಬರೆದು ಕಳಿಸು, ಸಾಕು. ಪತ್ರ ಹರಿದು ಬಿಸಾಕಿದವರಿಗೆ ದಂಡದ ನೋಟಿಸು ಡೊಂಬಿವಲಿ ತನಕ ಬರುವುದಿಲ್ಲ ಅನ್ನುವ ಧೈರ್ಯ ಬೇಡ.

ಇಲ್ಲಿನ ಅಗ್ಗದ ಪ್ರಯಾಣ ವಿಮೆಯನ್ನು ಯೂನಿವರ್ಸಿಟಿ ದಾಖಲಾತಿಗೆ ಒಪ್ಪುವುದಿಲ್ಲ. 30 ವರ್ಷದೊಳಗಿನವರು ಅಲ್ಲಿನ ಸಾರ್ವಜನಿಕ ವಿಮೆ ಮಾಡಿಸುವುದೇ ಲೇಸು. ಹಲ್ಲು, ಕನ್ನಡಕ ಎರಡನ್ನೂ ಇಲ್ಲೇ ನೋಡಿಸಿಕೊಂಡು ಹೋಗು. ತುರ್ತಿಗೆ 112. ರಾತ್ರಿ ಜ್ವರ ಬಂದು ಡಾಕ್ಟರು ಬೇಕಾದರೆ 116117. ಇವೆರಡನ್ನೂ ಫೋನಿನಲ್ಲಿ ಈಗಲೇ ಹಾಕಿಕೊ. ಮನೆ ಹುಡುಕುವಾಗ, 'ನಾನು ಬೇರೆ ದೇಶದಲ್ಲಿದ್ದೇನೆ, ಡಿಪಾಸಿಟ್ ಕಳಿಸು, ಕೀಲಿ ಪೋಸ್ಟ್ ಮಾಡುತ್ತೇನೆ' ಅನ್ನುವ ಮಾಲೀಕ ಸಿಕ್ಕರೆ ಅವನು ಮಾಲೀಕನಲ್ಲ. ನಮ್ಮ ಹುಡುಗನೊಬ್ಬ 600 ಯೂರೋ ಕಳೆದುಕೊಂಡ ಮೇಲೆ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷ ಒಬ್ಬರು ಕೇಳುವುದಿಲ್ಲ.

ಸರಿ, ಈಗ ನಿನ್ನ ನಿಜವಾದ ಪ್ರಶ್ನೆ. ಮಾತು ಕಡಿಮೆಯವಳು ಅಂದೆಯಲ್ಲ.

ಮೊದಲ ಎರಡು ವಾರ ಚೆನ್ನಾಗಿಯೇ ಇರುತ್ತದೆ. ಎಲ್ಲ ಹೊಸದು, ಫೋಟೋ ತೆಗೆಯುವುದೇ ಕೆಲಸ. ಯೂನಿವರ್ಸಿಟಿಯವರು ಎಕ್ಸ್‌ಚೇಂಜ್ ಮಕ್ಕಳನ್ನೆಲ್ಲ ಕೂಡಿಸಿ ಊರು ತೋರಿಸುತ್ತಾರೆ. ಕಷ್ಟ ಶುರುವಾಗುವುದು ಮೂರನೇ ವಾರ. ಪಾಠ ಶುರುವಾಗಿರುತ್ತದೆ, ಅಲ್ಲಿನ ಹುಡುಗ ಹುಡುಗಿಯರಿಗೆ ಅವರವರ ಗೆಳೆಯರು ಮೊದಲೇ ಇರುತ್ತಾರೆ. ಅವರು ಕೆಟ್ಟವರಲ್ಲ. ಫೆಬ್ರವರಿಗೆ ಹೊರಟುಹೋಗುವವಳ ಗೆಳೆತನ ಅವರಿಗೆ ಯಾಕೆ ಬೇಕು, ನೀನೇ ಹೇಳು? ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅಲ್ಲಿಂದ ಕತ್ತಲು. ಡಿಸೆಂಬರ್‌ನಲ್ಲಿ ಬೆಳಗ್ಗೆ ಎಂಟಕ್ಕೆ ಸೂರ್ಯ, ಸಂಜೆ ನಾಲ್ಕಕ್ಕೆ ಇಲ್ಲ. ಮನೆಗೂ ನಿನಗೂ ನಾಲ್ಕೂವರೆ ಗಂಟೆ ಅಂತರ. ನೀನು ಸಂಜೆ ಆರಕ್ಕೆ ಬೇಜಾರಾಗಿ ಫೋನ್ ಮಾಡಿದರೆ ಅಮ್ಮ ಹತ್ತೂವರೆಗೆ ಆಕಳಿಸುತ್ತಾ ಮಾತಾಡುತ್ತಾರೆ. ಆ ಹೊತ್ತಿಗೆ ಇಂಡಿಯನ್ ವಾಟ್ಸಾಪ್ ಗ್ರೂಪಿನಲ್ಲಿ 'ಇವತ್ತು ರಾಜ್ಮಾ, ಬಾ' ಅಂತ ಬರುತ್ತದೆ. ಹೋಗುತ್ತೀಯ. ಬೆಚ್ಚಗಿರುತ್ತದೆ. ಮರುದಿನವೂ ಹೋಗುತ್ತೀಯ. ಹತ್ತು ವಾರ ಕರಗುವುದು ಹೀಗೆ, ಯಾರ ತಪ್ಪೂ ಇಲ್ಲದೆ.

ನಮ್ಮವರ ಜೊತೆ ಸೇರಲೇಬೇಡ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವ ಸಲಹೆಗಾರರನ್ನು ಕಂಡರೆ ನನಗೆ ಸಿಟ್ಟು. ಜ್ವರ ಬಂದಾಗ ಗಂಜಿ ಮಾಡಿ ತರುವವರು ಅವರೇ. ವಾರಕ್ಕೆ ಒಂದು ದಿನ ಅವರದು ಅಂತ ಇಟ್ಟುಕೊ. ಉಳಿದದ್ದಕ್ಕೆ ನಿನ್ನ ಅಜ್ಜನನ್ನೇ ಕೇಳು.

ಯಾಕೆ ಅಜ್ಜನನ್ನು ಅಂದೆ? ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗರು ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಗೆ ಹೋದರು. ಅವರು ಯಾರನ್ನೂ 'ನನ್ನ ಗೆಳೆಯನಾಗುತ್ತೀಯಾ' ಅಂತ ಕೇಳಲಿಲ್ಲ. ಒಂದು ಜಾಗಕ್ಕೆ, ಒಂದೇ ಹೊತ್ತಿಗೆ, ದಿನಾ ಹೋದರು. ಸಂಘದಲ್ಲಿ ಕುರ್ಚಿ ಜೋಡಿಸಿದರು, ಯಕ್ಷಗಾನದ ದಿನ ಪರದೆ ಹಿಡಿದರು. ಗಲ್ಲಾದ ಮೇಲೆ ಕೂತವನು ಗಿರಾಕಿಯಿಂದ ಮರಾಠಿ ಕಲಿತ. ಮಾತು ಆಮೇಲೆ ತಾನಾಗಿ ಬಂತು. ಮಾತು ಕಡಿಮೆಯವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಜರ್ಮನ್ನರದೂ ಹಾಗೇ. ಅವರು ದಾರಿಯಲ್ಲಿ ಸಿಕ್ಕವರ ಜೊತೆ ಹರಟುವುದಿಲ್ಲ, ಆದರೆ ಎಲ್ಲದಕ್ಕೂ ಒಂದು ಸಂಘ ಕಟ್ಟುತ್ತಾರೆ. ಫೆರೈನ್ ಅನ್ನುತ್ತಾರೆ. ಹಾಡುವವರದು, ಬೆಟ್ಟ ಹತ್ತುವವರದು, ಚೆಸ್ ಆಡುವವರದು. ಯೂನಿವರ್ಸಿಟಿಯ ಕ್ರೀಡಾ ವಿಭಾಗದಲ್ಲಿ ಕಡಿಮೆ ದುಡ್ಡಿಗೆ ಬ್ಯಾಡ್ಮಿಂಟನ್ನಿಂದ ಹಿಡಿದು ಕುಣಿತದವರೆಗೆ ಕೋರ್ಸು ಇರುತ್ತವೆ. ನೋಂದಣಿ ತೆರೆದ ದಿನವೇ ಜಾಗ ತುಂಬುತ್ತದೆ, ಆ ದಿನಾಂಕ ಈಗಲೇ ನೋಡಿಡು. ವಾರಕ್ಕೆ ಎರಡು ಸಂಜೆ, ಅದೇ ಜಾಗ, ಅದೇ ಜನ. ನಾಲ್ಕನೇ ವಾರ ನೀನು ಹೋಗದಿದ್ದರೆ 'ಎಲ್ಲಿ ಅವಳು' ಅಂತ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.

ಭಾಷೆ ಸ್ವಲ್ಪ ಬೇಕು. ಪಾಠ ಇಂಗ್ಲಿಷಿನಲ್ಲಿ ಇರಬಹುದು, ಬೇಕರಿಯವಳು ಜರ್ಮನ್‌ನಲ್ಲೇ ಕೇಳುವುದು. ಮುಂಬಯಿಯ ಕಾಲಾ ಘೋಡಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1, ಅಂದರೆ ಮೊದಲ ಹಂತದ ಜರ್ಮನ್ ಕೋರ್ಸಿಗೆ ಸೇರು. ಅಂದಹಾಗೆ, ಆ ಸಂಸ್ಕೃತ ಪಂಡಿತ ಮ್ಯಾಕ್ಸ್ ಮುಲ್ಲರ್ ಓದಿದ್ದು ನೀನು ಹೋಗುತ್ತಿರುವ ಲೈಪ್‌ಜಿಗ್ ಯೂನಿವರ್ಸಿಟಿಯಲ್ಲೇ. 1841ರಲ್ಲಿ ಸೇರಿದ್ದು, ಸಂಸ್ಕೃತ ಹಿಡಿದದ್ದೂ ಅಲ್ಲೇ. ಯೂನಿವರ್ಸಿಟಿ ಇನ್ನೂ ಹಳೆಯದು, 1409ರದ್ದು.

ಕ್ಲಾಸಿನ ಎರಡು ರೂಢಿ ಹೇಳಿಬಿಡುತ್ತೇನೆ. ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಪಕ್ಕ ಸಿ.ಟಿ. ಅಂತ ಇದ್ದರೆ ಪಾಠ ಹತ್ತೂಕಾಲಿಗೆ. ಹಳೇ ಕಾಲದಿಂದ ಬಂದ ಕಾಲು ಗಂಟೆಯ ರಿಯಾಯಿತಿ ಅದು. ಎಸ್.ಟಿ. ಅಂತ ಇದ್ದರೆ ಹತ್ತು ಅಂದರೆ ಹತ್ತೇ. ಪಾಠ ಮುಗಿದಾಗ ಚಪ್ಪಾಳೆ ಇಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ನಾನು ಪ್ರೊಫೆಸರರನ್ನು ಓಡಿಸುತ್ತಿದ್ದಾರೆ ಅಂದುಕೊಂಡಿದ್ದೆ.

ನಾನು ಹೋಗಿದ್ದೂ ಇದೇ ಊರಿಗೆ, 2009ರಲ್ಲಿ. ಅಲ್ಲಿ ಸೇರಿದ ಒಂದು ವಾರಕ್ಕೆ, ಅಕ್ಟೋಬರ್ 9ರ ಸಂಜೆ, ಟ್ರಾಮ್ ನಿಂತುಬಿಟ್ಟಿತ್ತು. ರಸ್ತೆ ತುಂಬಾ ಜನ, ಕೈಯಲ್ಲಿ ಮೇಣದಬತ್ತಿ. ಗಣಪತಿ ವಿಸರ್ಜನೆಯ ಜನ, ಆದರೆ ಒಂದು ತಾಶಾ ಇಲ್ಲ, ಕೂಗಿಲ್ಲ. ಯಾರು ಸತ್ತುಹೋದರೋ ಅಂತ ಹೆದರಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಕೈಗೂ ಒಂದು ಬತ್ತಿ ಕೊಟ್ಟು, ಅರ್ಧ ಇಂಗ್ಲಿಷಿನಲ್ಲಿ ಹೇಳಿದರು. 1989ರ ಅದೇ ದಿನ ನಿಕೋಲಾಯ್ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ, ಆಗಿನ ಪೂರ್ವ ಜರ್ಮನಿಯ ಸರ್ಕಾರದ ವಿರುದ್ಧ 70 ಸಾವಿರ ಜನ ಇದೇ ರಸ್ತೆಯಲ್ಲಿ ನಡೆದಿದ್ದರು. ಎದುರಿಗೆ ಪೊಲೀಸರು ನಿಂತಿದ್ದರು, ಗುಂಡು ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ಬಿತ್ತು. ಆ ಅಜ್ಜಿಯೂ ಅವತ್ತು ನಡೆದವರು, ಜೇಬಿನಲ್ಲಿ ಮನೆ ಕೀಲಿ ಇತ್ತಂತೆ, ವಾಪಸ್ ಹೋಗುತ್ತೇನೋ ಇಲ್ಲವೋ, ಪಕ್ಕದ ಮನೆಗೆ ಕೊಟ್ಟು ಬರಬೇಕಿತ್ತು ಅನ್ನುವುದೇ ದಾರಿಯುದ್ದಕ್ಕೂ ಚಿಂತೆಯಂತೆ. ಆ ದೀಪದ ಸಂಜೆಯನ್ನು ಈಗಲೂ ಅಕ್ಟೋಬರ್ 9ಕ್ಕೆ ಮಾಡುತ್ತಾರೆ. ನೀನು ಅಷ್ಟರಲ್ಲಿ ಅಲ್ಲಿರುತ್ತೀಯ. ಆ ದಿನ ರಾಜ್ಮಾಕ್ಕೆ ಕರೆದರೆ ಹೋಗಬೇಡ.

ದುಡ್ಡಿಲ್ಲದ ವಾರಗಳಿಗೆ ಇನ್ನೊಂದು ಜಾಗ ಇದೆ. ಹೆಸರಾಂತ ಸಂಗೀತಗಾರ ಬಾಖ್ 1723ರಿಂದ ಸಾಯುವ ತನಕ ಕೆಲಸ ಮಾಡಿದ ಥಾಮಸ್ ಚರ್ಚು. ಅಲ್ಲಿನ ಹುಡುಗರ ಮೇಳ ಶುಕ್ರವಾರ ಸಂಜೆ ಆರಕ್ಕೆ, ಶನಿವಾರ ಮಧ್ಯಾಹ್ನ ಮೂರಕ್ಕೆ ಹಾಡುತ್ತದೆ. ರಜೆಯ ದಿನ ಬಿಟ್ಟು. ಕೆಲವೇ ಯೂರೋ ಕೊಟ್ಟು ಒಳಗೆ ಕೂರಬಹುದು. ನನಗೆ ಸಂಗೀತದ ಗಂಧ ಇಲ್ಲ, ಆದರೂ ನವೆಂಬರ್ ಪೂರ್ತಿ ಹೋದೆ. ಹೊರಗಿನ ಕತ್ತಲಿಗಿಂತ ಅದು ವಾಸಿ. ನೀನು ಮಾತಾಡದೆ ಜನರ ನಡುವೆ ಇರಬಹುದಾದ ಜಾಗ ಅದು.

ಅಪ್ಪ ಕೇಳದಿದ್ದರೂ ಅಮ್ಮ ಕೇಳುತ್ತಾರೆ, ಹುಡುಗಿ ಒಬ್ಬಳೇ ಅಂತ. ಟ್ರಾಮಿನಲ್ಲಿ ಲೇಡೀಸ್ ಡಬ್ಬಿ ಇರುವುದಿಲ್ಲ. ಡೊಂಬಿವಲಿಯಿಂದ ಬೆಳಗಿನ ಎಂಟರ ಲೋಕಲ್ ಹತ್ತಿದವಳಿಗೆ ನೂಕುನುಗ್ಗಲಿನ ಭಯವಂತೂ ಇಲ್ಲ. ಆದರೆ ಅಲ್ಲಿ ಭಯ ಖಾಲಿ ರಸ್ತೆಯದು. ರಾತ್ರಿ ಹತ್ತರ ಮೇಲೆ ಸ್ಟಾಪಿನಿಂದ ಹಾಸ್ಟೆಲ್ ದೂರ ಇದ್ದರೆ ಜೊತೆಗೆ ಬರುವವರನ್ನು ನೋಡಿಕೊ. ಮೈಬಣ್ಣ ನೋಡಿ ಏನಾದರೂ ಅನ್ನುವ ಕುಡುಕ ಸಿಗಬಹುದು. ನಿಂತು ಉತ್ತರ ಕೊಡಬೇಡ, ಡ್ರೈವರ್ ಹತ್ತಿರದ ಸೀಟಿಗೆ ಹೋಗು. ಐದು ತಿಂಗಳಲ್ಲಿ ನನಗೆ ಎರಡು ಸಲ ಆಯಿತು. ಮುಚ್ಚಿಡುವುದಿಲ್ಲ.

ಟಿಕೆಟ್ಟು. ಹಾಸ್ಟೆಲ್ ಕರಾರು ಹೆಚ್ಚಾಗಿ ಅಕ್ಟೋಬರ್ 1ರಿಂದಲೇ ಇರುತ್ತದೆ. ಈ ಸಲ ಅದು ಗುರುವಾರ. ಅವತ್ತು ಬೆಳಗ್ಗೆಯೇ ಊರು ಸೇರುವ ಹಾಗೆ ನೋಡು. ಫ್ರಾಂಕ್‌ಫರ್ಟಿನಲ್ಲಿ ಇಳಿದರೆ ಅಲ್ಲಿಂದ ರೈಲಿಗೆ ಸುಮಾರು ಮೂರು ಗಂಟೆ. ಕೀಲಿ ಕೊಡುವ ಹೌಸ್‌ಮೈಸ್ಟರ್ ಇಷ್ಟು ಗಂಟೆಗೆ ಅಂದರೆ ಅಷ್ಟೇ ಗಂಟೆಗೆ ಹೋಗಿಬಿಡುತ್ತಾರೆ, ಸಮಯ ಮೊದಲೇ ಬರೆದು ಕೇಳು. ಸಾಮಾನು ಶುಕ್ರವಾರದೊಳಗೆ ಕೊಂಡುಕೊ. ಶನಿವಾರ ಅಕ್ಟೋಬರ್ 3, ಜರ್ಮನಿ ಒಂದಾದ ದಿನದ ರಜೆ, ಅಂಗಡಿ ಬಂದ್. ಮರುದಿನ ಭಾನುವಾರ, ಅಲ್ಲಿ ಭಾನುವಾರ ಹೆಚ್ಚಿನ ಅಂಗಡಿ ತೆಗೆಯುವುದಿಲ್ಲ. 2009ರಲ್ಲೂ ಹೀಗೇ ಬಂದಿತ್ತು. ನಾನು ಶುಕ್ರವಾರ ರಾತ್ರಿ ಇಳಿದವಳು. ಎರಡು ದಿನ ಅವ್ವ ಕಟ್ಟಿದ ಅವಲಕ್ಕಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ನಲ್ಲಿಯ ನೀರು ಕುಡಿಯಬಹುದು ಅನ್ನುವುದೂ ಗೊತ್ತಿರಲಿಲ್ಲ.

ಇನ್ನು ಅಮ್ಮಮ್ಮನ ಗಂಟು. ಹೊರದೇಶದಿಂದ ಮಾಂಸ, ಹಾಲಿನ ಪದಾರ್ಥ ಯೂರೋಪಿಗೆ ಒಯ್ಯುವಂತಿಲ್ಲ. ತುಪ್ಪ ಇಲ್ಲ, ಪೇಡೆ ಇಲ್ಲ. ಧಾರವಾಡದವಳಾದ ನನಗೆ ಇದು ಹೇಳಲೂ ಕಷ್ಟ. ಹಸಿ ಕರಿಬೇವೂ ಬೇಡ. ತೆಂಗಿನಕಾಯಿ ಮಾತ್ರ ಒಯ್ಯಬಹುದು. ಹಣ್ಣುಕಾಯಿಗೆ ಸರ್ಟಿಫಿಕೇಟ್ ಕೇಳುವವರು ತೆಂಗು, ಬಾಳೆ, ಅನಾನಸು, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಕೇಳುವುದಿಲ್ಲ. ಅಕ್ಕಿ, ಬೇಳೆ, ಕೊತ್ತಂಬರಿ ಸೊಪ್ಪು ಹೊರಬೇಡ, ಐಸೆನ್‌ಬಾನ್ ಬೀದಿಯ ಅರಬ್ಬಿ, ಟರ್ಕಿ ಅಂಗಡಿಗಳಲ್ಲಿ ಸಿಗುತ್ತವೆ.

ಮೀನಿಗೆ, ನಂಬು, 20 ಕಿಲೋ ತನಕ ಬಿಡುತ್ತಾರೆ. ಒಣ ಸಿಗಡಿಗೂ. ಕಾನೂನು ಅಮ್ಮಮ್ಮನ ಕಡೆಗೇ ಇದೆ. ಕಷ್ಟ ಹಾಸ್ಟೆಲಿನ ಅಡುಗೆಮನೆಯದು. ಪ್ರತಿ ರೂಮಿನಲ್ಲಿ ಹೊಗೆಯ ಅಲಾರಂ ಇರುತ್ತದೆ. ನನ್ನ ಸಾಸಿವೆ ಒಗ್ಗರಣೆಗೇ ಒಮ್ಮೆ ಇಡೀ ಮಹಡಿಯವರು ಚಳಿಯಲ್ಲಿ ಹೊರಗೆ ನಿಂತಿದ್ದರು. ಒಣಮೀನು ಸುಟ್ಟರೆ ಏನಾಗಬಹುದು ಯೋಚಿಸು. ಕಾಲು ಕಿಲೋ ಸಾಕು, ಇಲ್ಲೇ ಹುರಿದು ಚಟ್ನಿ ಮಾಡಿಸಿ ಗಾಳಿಯಾಡದ ಡಬ್ಬಿಯಲ್ಲಿ ಹಾಕಿಸಿಕೊ. ಬ್ಯಾಗಿನಲ್ಲಿ ಬಟ್ಟೆಯಿಂದ ದೂರ ಇಡು.